ಜನಸಂಪರ್ಕದ ಉಮೇದುವಾರರು

ಥಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಇತ್ತ ನವಿಮುಂಬಯಿಯ ವಾಶಿ, ನೆರೂಳ್‌ವರೆಗೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಮುಂದಿದ್ದ ದಾರಿಗಳು ಒಂದು ಕಾಲಕ್ಕೆ ಎಣಿಸುವಷ್ಟೇ ಇದ್ದವು. ಹೋಟೆಲು, ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿ, ಹೆಚ್ಚೆಂದರೆ ಇಂಜಿನಿಯರಿಂಗು. ಈಗ ಕೆಲವು ಹುಡುಗ ಹುಡುಗಿಯರು ಮಾಸ್ ಮೀಡಿಯಾ ಪದವಿಗೆ ಸೇರುತ್ತಾರೆ. ಓದು ಮುಗಿಯುವ ಮೊದಲೇ ಎರಡು ಮೂರು ತಿಂಗಳು ಲೋವರ್ ಪರೇಲ್‌ನಲ್ಲೋ ಅಂಧೇರಿಯಲ್ಲೋ ಇರುವ ಜನಸಂಪರ್ಕ ಏಜೆನ್ಸಿಗೆ ಇಂಟರ್ನ್ ಆಗಿ ಹೋಗುತ್ತಾರೆ. ಅಲ್ಲೇನು ಕೆಲಸ ಎಂದು ವಿಚಾರಿಸಿದರೆ ಮನೆಯ ಹಿರಿಯರು “ಏನೋ ಜಾಹೀರಾತಿಂದು” ಎಂದು ಹೇಳಿ ಸುಮ್ಮನಾಗುತ್ತಾರೆ.

ಜಾಹೀರಾತು ಬೇರೆ, ಇದು ಬೇರೆ. ಜಾಹೀರಾತಿಗೆ ದುಡ್ಡು ಕೊಟ್ಟು ಪತ್ರಿಕೆಯಲ್ಲಿ ಜಾಗ ಕೊಳ್ಳುತ್ತಾರೆ. ಓದುವವನಿಗೂ ಅದು ಜಾಹೀರಾತೆಂದು ಗೊತ್ತಿರುತ್ತದೆ. ಜನಸಂಪರ್ಕದವರು ತಮ್ಮ ಗಿರಾಕಿಯ ವಿಷಯ ಸುದ್ದಿಯಾಗಿಯೇ ಅಚ್ಚಾಗುವಂತೆ ದುಡಿಯುತ್ತಾರೆ. ಹಾಗೆ ಅಚ್ಚಾಗುವ ಸುದ್ದಿಗೆ ಮೂಲ ‘ಪತ್ರಿಕಾ ಪ್ರಕಟಣೆ’ ಎಂಬ ಒಂದೂವರೆ ಪುಟದ ಬರಹ. ಅದೂ ಒಂದು ಗದ್ಯಪ್ರಕಾರವೇ. ಕತೆ ಕವಿತೆಗಳನ್ನು ವಿಮರ್ಶೆಗೆ ಒಡ್ಡುವ ನಾವು, ದಿನವೂ ಕಾಫಿಯ ಜೊತೆಗೆ ಓದುವ ಈ ಬರಹವನ್ನೂ ಅದನ್ನು ಕಲಿಸುವ ಪಾಠಶಾಲೆಯನ್ನೂ ಪರೀಕ್ಷಿಸದೆ ಬಿಡುವುದು ಸರಿಯಲ್ಲ.

ಹಿಂದೆ ಕಚೇರಿಗಳಲ್ಲಿ ಉಮೇದುವಾರಿ ಎಂಬ ಪದ್ಧತಿ ಇತ್ತು. ಮುಂದೆ ಗುಮಾಸ್ತಿಕೆ ಸಿಕ್ಕೀತೆಂಬ ಆಸೆಯಿಂದ ತರುಣರು ಸಂಬಳವಿಲ್ಲದೆ ಕಾಗದ ನಕಲು ಮಾಡಿಕೊಟ್ಟು ಕೆಲಸ ಕಲಿಯುತ್ತಿದ್ದರು. ಇಂದಿನ ಇಂಟರ್ನ್‌ಗಳು ಆ ಉಮೇದುವಾರರ ವಂಶದವರೇ. ಕೆಲವೆಡೆ ಅಲ್ಪ ಭತ್ಯೆ ಸಿಗುತ್ತದೆ, ಕೆಲವೆಡೆ ಪ್ರಮಾಣಪತ್ರ ಮಾತ್ರ. ಲೋಕಲ್ ಗಾಡಿಯ ಪಾಸಿನ ಖರ್ಚು ಮನೆಯವರದು. ಇಷ್ಟಕ್ಕೆ ಪ್ರತಿಯಾಗಿ ಅವರು ಏನು ಕಲಿತು ಬರುತ್ತಾರೆ?

ಮೊದಲು ಒಳ್ಳೆಯದನ್ನು ಹೇಳೋಣ. ಬೆಳಿಗ್ಗೆ ಹತ್ತಾರು ಪತ್ರಿಕೆ ತಿರುವಿ ಗಿರಾಕಿಯ ಹೆಸರು ಎಲ್ಲಿ ಬಂದಿದೆಯೆಂದು ಹುಡುಕಬೇಕು. ಯಾವ ವರದಿಗಾರರು ಯಾವ ವಿಷಯ ಬರೆಯುತ್ತಾರೆಂಬ ಪಟ್ಟಿಯನ್ನು ಸದಾ ತಿದ್ದುತ್ತಿರಬೇಕು. ಅವರಿಗೆ ಫೋನು ಮಾಡಿ ವಿಷಯವನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬೇಕು, “ಇದರಲ್ಲಿ ಸುದ್ದಿಯೇನಿದೆ?” ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು, ಇಲ್ಲವೆ ಪೆಟ್ಟು ತಿಂದು ಸುಮ್ಮನಾಗಬೇಕು. ಪ್ರಕಟಣೆಯ ಕರಡು ಬರೆಯುವಾಗ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು. ಹೆಸರಿನ ಕಾಗುಣಿತ, ಹುದ್ದೆ, ತಾರೀಕು ತಪ್ಪುವಂತಿಲ್ಲ. ಕಾಲೇಜಿನಲ್ಲಿ ಮೂರು ವರ್ಷದಲ್ಲಿ ಬಾರದ ಶಿಸ್ತು ಇಲ್ಲಿ ಮೂರು ತಿಂಗಳಲ್ಲಿ ಬರುತ್ತದೆ. ಇದು ಸಣ್ಣ ಲಾಭವಲ್ಲ.

ಇನ್ನು ಬರಹದ ಗುಣಕ್ಕೆ ಬರೋಣ. “ದೇಶದ ಮುಂಚೂಣಿಯ ಸಂಸ್ಥೆಯಾದ ನಾವು ಠಾಣೆಯಲ್ಲಿ ನಮ್ಮ ನೂತನ ಮಳಿಗೆಯನ್ನು ಘೋಷಿಸಲು ಹರ್ಷಿಸುತ್ತೇವೆ” ಎಂಬ ಧಾಟಿಯ ವಾಕ್ಯಗಳನ್ನು ವಾಚಕರು ಸಾಕಷ್ಟು ಕಂಡಿದ್ದಾರೆ. ಥಾಣೆಯಲ್ಲಿ ಹೊಸ ಅಂಗಡಿ ಸೋಮವಾರ ತೆರೆಯುತ್ತದೆ ಎಂದರೆ ಮುಗಿಯಿತು. ಹರ್ಷ ಯಾರಿಗೆ ಬೇಕು? ಮುಂಚೂಣಿ, ವಿಶ್ವದರ್ಜೆ, ಕ್ರಾಂತಿಕಾರಿ ಎಂಬ ವಿಶೇಷಣಗಳು ಎಲ್ಲ ಗಿರಾಕಿಗಳಿಗೂ ಸಮನಾಗಿ ಹಂಚಿಕೆಯಾಗುವುದರಿಂದ ಯಾರ ವಿಷಯದಲ್ಲೂ ಏನನ್ನೂ ಹೇಳುವುದಿಲ್ಲ.

ವಿಶೇಷಣಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಉದ್ಧರಣ ಚಿಹ್ನೆಯ ವಿಷಯ. ಪ್ರಕಟಣೆಯ ನಡುವೆ ಆಡಳಿತ ನಿರ್ದೇಶಕರು ‘ಹೇಳಿದರು’ ಎಂದು ಬರುವ ಮಾತನ್ನು ಅನೇಕ ವೇಳೆ ಅವರು ಹೇಳಿರುವುದೇ ಇಲ್ಲ. ಏಜೆನ್ಸಿಯವರು ಬರೆಯುತ್ತಾರೆ, ಸಾಹೇಬರು ಒಪ್ಪಿಗೆ ಕೊಡುತ್ತಾರೆ. ಕೆಲವೊಮ್ಮೆ ಮೊದಲ ಕರಡು ಇಪ್ಪತ್ತು ವರ್ಷದ ಇಂಟರ್ನ್‌ನದೇ. ಪರರ ಪರವಾಗಿ ಮಾತಾಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ತಾಳಮದ್ದಲೆಯ ಅರ್ಥಧಾರಿ ಇಡೀ ರಾತ್ರಿ ಕರ್ಣನಾಗಿ ಮಾತಾಡುತ್ತಾನೆ. ಆದರೆ ಆ ಮಾತು ಯಾರ ಪ್ರತಿಭೆಯಿಂದ ಬಂತೆಂದು ಸಭೆಗೆ ಗೊತ್ತಿದೆ, ಎದುರಿಗೆ ಅರ್ಜುನನ ಅರ್ಥಧಾರಿ ಜವಾಬು ಕೊಡಲು ಕುಳಿತಿದ್ದಾನೆ. ಪ್ರಕಟಣೆಯ ಅರ್ಥಧಾರಿ ತೆರೆಯ ಹಿಂದೆ ಇರುತ್ತಾನೆ. ಎದುರುಮಾತು ಹೇಳಬೇಕಾದ ಪತ್ರಿಕೆಯವನು ಅವಸರದಲ್ಲಿ ಅದನ್ನೇ ಅಚ್ಚಿಗೆ ಕಳಿಸಿಬಿಟ್ಟರೆ ಓದುಗನ ಪಾಲಿಗೆ ಪ್ರಸಂಗದಲ್ಲಿ ಒಂದೇ ಪಾತ್ರ ಉಳಿಯುತ್ತದೆ.

ಈ ಇಬ್ಬಂದಿತನ ವೃತ್ತಿಯ ಹುಟ್ಟಿನಿಂದಲೇ ಬಂದದ್ದು. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯ ಬಳಿ ರೈಲುಗಾಡಿಯೊಂದು ಸೇತುವೆಯಿಂದ ನೀರಿಗುರುಳಿ 50ಕ್ಕೂ ಹೆಚ್ಚು ಜನ ಸತ್ತರು. ಅಪಘಾತ ಮುಚ್ಚಿಡುವುದೇ ಅಂದಿನ ರೈಲು ಕಂಪನಿಗಳ ರೂಢಿ. ಪೆನ್ಸಿಲ್ವೇನಿಯಾ ರೈಲ್ವೆಯ ಸಲಹೆಗಾರನಾಗಿದ್ದ ಐವಿ ಲೀ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ತಾನೇ ಕೊಟ್ಟ, ವರದಿಗಾರರು ಸ್ಥಳಕ್ಕೆ ಹೋಗಿ ನೋಡಲು ಏರ್ಪಾಡು ಮಾಡಿದ. ಮೊದಲ ಪತ್ರಿಕಾ ಪ್ರಕಟಣೆಯೆಂದು ಅದನ್ನೇ ಹೆಸರಿಸುವ ವಾಡಿಕೆಯಿದೆ. ಅದೇ ಲೀ 1914ರಲ್ಲಿ ಕೊಲರಾಡೊದ ಗಣಿ ಮುಷ್ಕರದಲ್ಲಿ ರಾಕ್‌ಫೆಲ್ಲರ್ ಮನೆತನದ ಪರ ಹೊರಡಿಸಿದ ಪತ್ರಿಕೆಗಳಲ್ಲಿ ಕಾರ್ಮಿಕ ಮುಂದಾಳುಗಳ ಸಂಬಳವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಿದ್ದು ಬಯಲಾಯಿತು. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವನಿಗೆ ‘ಪಾಯಿಸನ್ ಐವಿ’ ಎಂದು ಹೆಸರಿಟ್ಟ. ಮುಟ್ಟಿದರೆ ತುರಿಕೆ ಹತ್ತಿಸುವ ಬಳ್ಳಿಯ ಹೆಸರದು. ಒಂದೇ ಲೇಖನಿ, ಎರಡು ಬಗೆಯ ಉಪಯೋಗ.

ನಮ್ಮಲ್ಲಿ 1940ರ ದಶಕದಲ್ಲೇ ಟಾಟಾ ಸಂಸ್ಥೆ ಮುಂಬಯಿಯಲ್ಲಿ ಜನಸಂಪರ್ಕ ವಿಭಾಗ ತೆರೆಯಿತು. 1958ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘ ಹುಟ್ಟಿತು. 1968ರ ಏಪ್ರಿಲ್ 21ರಂದು ದೆಹಲಿಯ ಸಮ್ಮೇಳನದಲ್ಲಿ ಅದು ನೀತಿಸಂಹಿತೆಯನ್ನೂ ಅಂಗೀಕರಿಸಿತು. ಉಮೇದುವಾರಿಗೆ ಹೋಗುವ ನಮ್ಮ ಮಕ್ಕಳು ಮೊದಲ ದಿನವೇ ಆ ಸಂಹಿತೆಯನ್ನು ಕೇಳಿ ಪಡೆದು ಓದಲಿ.

ಅವರ ಕೈಗೆ ಹೆಚ್ಚಾಗಿ ಬರುವುದು ಬೇರೆಯೇ ಕಡತ. ಎಷ್ಟು ಪತ್ರಿಕೆಯಲ್ಲಿ ಸುದ್ದಿ ಬಂತು, ಎಷ್ಟು ಕಾಲಂ ಸೆಂಟಿಮೀಟರ್, ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ದುಡ್ಡಾಗುತ್ತಿತ್ತು ಎಂದು ಗುಣಿಸಿ ಗಿರಾಕಿಗೆ ತೋರಿಸುವ ಲೆಕ್ಕ. ಈ ಗುಣಾಕಾರ ಅನೇಕ ವೇಳೆ ಇಂಟರ್ನ್‌ನ ಪಾಲಿಗೇ ಬರುತ್ತದೆ. ಥರ್ಮಾಮೀಟರ್ ಹಿಡಿದು ತೂಕ ನೋಡುವ ಕೆಲಸವಿದು. ಸುದ್ದಿ ಓದಿದವನು ಅದನ್ನು ನಂಬಿದನೇ, ಅದರಿಂದ ಅವನಿಗೆ ಏನಾದರೂ ತಿಳಿಯಿತೇ ಎಂಬುದು ಸೆಂಟಿಮೀಟರಿನಲ್ಲಿ ಕಾಣುವುದಿಲ್ಲ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಈ ಕ್ಷೇತ್ರದ ಅಳತೆಗಾರರೇ ಇಂಥ ಲೆಕ್ಕ ಜನಸಂಪರ್ಕದ ಬೆಲೆಯನ್ನು ತೋರಿಸುವುದಿಲ್ಲವೆಂದು ಸಾರಿದರು.

ಈ ಗದ್ಯಕ್ಕೆ ನಿಜವಾದ ಪರೀಕ್ಷೆ ಅಂಗಡಿಯ ಉದ್ಘಾಟನೆಯ ದಿನ ನಡೆಯುವುದಿಲ್ಲ. ಡೊಂಬಿವಲಿಯ ಎಂ.ಐ.ಡಿ.ಸಿ. ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಸ್ಫೋಟವಾಗಿ ಜೀವಹಾನಿಯಾಯಿತು. ಸುತ್ತಲಿನ ಕಟ್ಟಡಗಳ ಕಿಟಕಿ ಗಾಜುಗಳು ಒಡೆದವು. ನಮ್ಮವರು ಬಹಳ ಮಂದಿ ಆ ಸದ್ದನ್ನು ಕೇಳಿದವರೇ. ಅಂಥ ಗಳಿಗೆಯಲ್ಲಿ ನೆರೆಯವರಿಗೆ ಬೇಕಾದದ್ದು ಏನು ಉರಿಯುತ್ತಿದೆ, ಹೊಗೆಯಿಂದ ಅಪಾಯವಿದೆಯೇ, ಕಿಟಕಿ ಮುಚ್ಚಬೇಕೇ, ಗಾಯಗೊಂಡವರನ್ನು ಯಾವ ಆಸ್ಪತ್ರೆಗೆ ಒಯ್ದಿದ್ದಾರೆ ಎಂಬ ನಾಲ್ಕು ವಾಕ್ಯ. ‘ನಮಗೆ ಸುರಕ್ಷತೆಯೇ ಪರಮ ಆದ್ಯತೆ’ ಎಂಬ ಸಿದ್ಧವಾಕ್ಯದಿಂದ ಯಾವ ಮನೆಯ ಕಿಟಕಿಯೂ ಮುಚ್ಚುವುದಿಲ್ಲ. ಆ ನಾಲ್ಕು ವಾಕ್ಯ ಬರೆಯಬಲ್ಲವನೇ ಈ ಕಸುಬನ್ನು ಕಲಿತವನು. ಹೇಗೆ ಹೇಳಬೇಕೆಂಬುದನ್ನು ಏಜೆನ್ಸಿ ಕಲಿಸುತ್ತದೆ. “ಇದು ನಿಜವೇ?” ಎಂದು ಮೇಲಿನವರನ್ನು ಮೆಲ್ಲಗೆ, ಆದರೆ ಬಿಡದೆ ಕೇಳುವ ಅಭ್ಯಾಸವನ್ನು ಮಾತ್ರ ಮನೆಯಿಂದ ಒಯ್ಯಬೇಕಾಗುತ್ತದೆ.

ಕೊನೆಯದಾಗಿ ನಮ್ಮ ಭಾಷೆಯ ಮಾತು. ಮುಂಬಯಿಯ ಏಜೆನ್ಸಿಗಳಲ್ಲಿ ಪ್ರಕಟಣೆ ಇಂಗ್ಲಿಷಿನಲ್ಲಿ ಹುಟ್ಟಿ ಮರಾಠಿ, ಹಿಂದಿ, ಗುಜರಾತಿ, ಕನ್ನಡಗಳಿಗೆ ಹೋಗುತ್ತದೆ. ಕನ್ನಡಕ್ಕೆ ಬರುವಾಗ ಈಗ ಯಂತ್ರವೇ ಅನುವಾದಿಸುವುದೂ ಉಂಟು. ಮೇಲೆ ಹೇಳಿದ ‘ಘೋಷಿಸಲು ಹರ್ಷಿಸುತ್ತೇವೆ’ ಹುಟ್ಟುವುದು ಅಲ್ಲೇ, ಥಾಣೆ ‘ಠಾಣೆ’ಯಾಗಿ ಪೊಲೀಸರ ಪಾಲಾಗುವುದೂ ಅಲ್ಲೇ. ತಿದ್ದಲು ಕನ್ನಡ ಬಲ್ಲವರು ಬೇಕು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಆಡುತ್ತಾರೆ, ಆದರೆ ಅವರಲ್ಲಿ ಅನೇಕರಿಗೆ ಕನ್ನಡ ಅಕ್ಷರ ಓದಲು ಬಾರದು. ಕೈಗೆ ಬಂದ ಕೆಲಸ ಹಾಗೆ ತಪ್ಪಿಹೋಗುತ್ತದೆ, ಕೆಟ್ಟ ಕನ್ನಡ ಅಚ್ಚಾಗುತ್ತದೆ.

ಸಂಘಗಳು ಇಲ್ಲಿ ಒಂದು ಕೆಲಸ ಮಾಡಬಹುದು. ನಮ್ಮ ಸಮಾರಂಭಗಳ ವರದಿಗಳಲ್ಲಿ ದೀಪ ಬೆಳಗಿದವರು, ಹೂಗುಚ್ಛ ಕೊಟ್ಟವರು, ವಂದನಾರ್ಪಣೆ ಮಾಡಿದವರು ಎಲ್ಲರ ಹೆಸರೂ ಇರುತ್ತದೆ. ಉಪನ್ಯಾಸಕರು ಏನು ಹೇಳಿದರೆಂಬುದೇ ಇರುವುದಿಲ್ಲ. ಏಜೆನ್ಸಿಯ ಶಿಸ್ತು ಕಂಡುಬಂದ ತರುಣರಿಗೆ ಈ ವರದಿಗಳನ್ನು ಒಪ್ಪಿಸಿ, ಮೊದಲ ಪ್ಯಾರಾದಲ್ಲಿ ವಿಷಯ ಬರಲಿ ಎನ್ನೋಣ. ಪ್ರತಿಯಾಗಿ ಹಿರಿಯರು ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೂತು ಅವರಿಗೆ ಅಕ್ಷರ ಕಲಿಸಲಿ. ಇದಕ್ಕೆ ಬೇಕಾಗುವುದು ಒಂದು ಕೋಣೆ, ಒಂದು ಕಪ್ಪು ಹಲಗೆ ಮಾತ್ರ; ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಯಾರಾದರೂ ಪ್ರಸ್ತಾಪಿಸಿದರೆ ಚೆನ್ನು.