ದಪ್ಪ ಚಿಮಣಿಯ ಎಂಜಿನ್

ರೈಲು ಮಾದರಿಗಳ ಹವ್ಯಾಸಿಗಳು ಚನ್ನಪಟ್ಟಣದ ಮರದ ಎಂಜಿನ್ ಕೈಗೆತ್ತಿಕೊಂಡರೆ ನಗದೆ ಇರಲಾರರು. ಬಾಯ್ಲರಿಗೆ ಸಾಟಿ ನಿಲ್ಲುವ ಚಿಮಣಿ, ಬಿಲ್ಲೆಯಂಥ ಗಾಲಿ, ಗಾಲಿಗಳನ್ನು ಜೋಡಿಸುವ ಸರಳಿನ ಸುಳಿವೇ ಇಲ್ಲ. ಅಳತೆ ಹಿಡಿದು ನೋಡಿದರೆ ಅವರ ಕೀಟಲೆ ಸರಿಯೇ. ಆದರೆ ಈ ಎಂಜಿನ್ ಹುಟ್ಟಿದ್ದು ನಕ್ಷೆಯಿಂದಲ್ಲ, ಲೇತಿನಿಂದ. ಸುತ್ತುತ್ತಿರುವ ಹಾಲೆಮರದ ತುಂಡಿಗೆ ಉಳಿ ತಾಗಿದರೆ ಮೂಡುವುದೆಲ್ಲ ದುಂಡು. ಸುತ್ತುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಚೂಪು ಮೂಲೆ ಬೇಕಿಲ್ಲ. ಅಳತೆಗೆ ತಕ್ಕಂತೆ ಸಣ್ಣಗೆ ಕಡೆದ ಚಿಮಣಿ ಒಮ್ಮೆ ಬಿದ್ದರೇ ಮುರಿದೀತು. ಈ ದಪ್ಪದ್ದು ಪುಟ್ಟ ಕೈಗೆ ಹಿಡಿಕೆಯೂ ಹೌದು.

ಶಿಡ್ಲಘಟ್ಟದ ಪಕ್ಕದ ಮೇಲೂರಿನ ಕಡೆಯವರಿಗಂತೂ ಇಂಥ ಅಳತೆ ತಪ್ಪಿದ ಎಂಜಿನ್ ಹೊಸತಲ್ಲ. ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಬಂಗಾರಪೇಟೆಗೆ ಓಡುತ್ತಿದ್ದ ರೈಲು 762 ಮಿ.ಮೀ. ಅಂತರದ ಕಿರಿದಾದ ಹಳಿಯದು. ಹಳಿಯ ಎರಡೂ ಬದಿಗೆ ಚಾಚಿದ ಬೋಗಿ, ಗಿಡ್ಡ ಎಂಜಿನ್. ಬ್ರಾಡ್‌ಗೇಜ್ ನೋಡಿದ ಕಣ್ಣಿಗೆ ಅದೂ ಅಳತೆ ತಪ್ಪಿದ್ದೇ. ಆದರೂ ದಶಕಗಳ ಕಾಲ ಜನರನ್ನು ಹೊತ್ತಿತು.

ಆಟಿಕೆಯಲ್ಲಿ ನಾನು ನೋಡುವುದು ಬೇರೆ: ಗಾಲಿ ಓಲಾಡದೆ ಸುತ್ತಬೇಕು, ಕೊಂಡಿ ತಿರುವಿನಲ್ಲಿ ಕಳಚಬಾರದು, ಅರಗು ಸಿಪ್ಪೆ ಏಳಬಾರದು. ಒಳ್ಳೆಯ ಕುಶಲಕರ್ಮಿ ಈ ಮೂರರಲ್ಲಿ ಎಂದೂ ರಾಜಿಯಾಗುವುದಿಲ್ಲ.