ಮನೆಯ ಪರದೆಗೆ ಯಾವ ಸರಣಿ?

ಸಾಹಿತ್ಯದ ಕೂಟಗಳಲ್ಲಿ ಊಟದ ಹೊತ್ತಿಗೆ "ಈಚೆಗೆ ಏನು ಓದಿದಿರಿ?" ಎಂದು ಒಬ್ಬರನ್ನೊಬ್ಬರು ಕೇಳುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಆ ಜಾಗಕ್ಕೆ "ಏನು ನೋಡ್ತಾ ಇದ್ದೀರಿ?" ಎಂಬ ಪ್ರಶ್ನೆ ಸದ್ದಿಲ್ಲದೆ ಬಂದು ಕೂತಿದೆ. ಇದಕ್ಕೆ ಮುಖ ಸಿಂಡರಿಸುವವರು ನಾವಲ್ಲ. ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಉಪ್ಪಿನಕಾಯಿಗಳ ನಡುವೆ ಸಿ.ಡಿ.ಗಳನ್ನು ತರಿಸಿಕೊಂಡು ನೋಡಿದ ಪೀಳಿಗೆ ನಮ್ಮದು. ಆಗ ಸಿಕ್ಕಿದ್ದನ್ನು ನೋಡುತ್ತಿದ್ದೆವು. ಈಗಿನ ತೊಂದರೆ ತಿರುಗಾಮುರುಗಾ. ಸಿಗುವುದು ಹೆಚ್ಚಾಗಿ ಆರಿಸುವುದೇ ಕಷ್ಟವಾಗಿದೆ. ಪಾತ್ರೆ ತೊಳೆದು ಸೋಫಾಕ್ಕೆ ಬಂದವರು ಮುಕ್ಕಾಲು ಗಂಟೆ ಪಟ್ಟಿ ಉರುಳಿಸಿ, ಏನನ್ನೂ ನೋಡದೆ ಮಲಗುವ ಮನೆಗಳು ನಮ್ಮಲ್ಲಿ ಕಮ್ಮಿಯಿಲ್ಲ.

ಪರದೆ ತಾನೇ ಒಂದು ಪಟ್ಟಿ ಮುಂದಿಡುತ್ತದೆ, ನಿಜ. ಆದರೆ ಅದು ನಿನ್ನೆ ಉಂಡದ್ದನ್ನೇ ಇಂದೂ ಬಡಿಸುವ ಅಡುಗೆಯವನಂತೆ. ಒಂದು ಕೊಲೆಯ ಕತೆ ನೋಡಿದರೆ ಸಾಕು, ಹತ್ತು ಕೊಲೆಗಳು ಸಾಲುಗಟ್ಟಿ ನಿಲ್ಲುತ್ತವೆ. ನಮಗೆ ಗೊತ್ತೇ ಇಲ್ಲದ ಪುಸ್ತಕವೊಂದನ್ನು ಕೈಗಿಟ್ಟು "ಇದನ್ನೊಮ್ಮೆ ಓದಿ ನೋಡಿ" ಎನ್ನುತ್ತಿದ್ದ ಲೈಬ್ರರಿಯವರ ಕೆಲಸ ಅದರಿಂದ ಆಗದು. ಹಾಗಾಗಿ ಆರಿಸುವ ಕೆಲಸ ನಮ್ಮದೇ. ಓದುಗರಾದ ನಾವು ಓದುಗರ ಅಳತೆಗೋಲನ್ನೇ ಹಿಡಿದು ನೋಡಿದರೆ ಹೇಗೆ ಎಂಬುದು ಈ ಲೇಖನದ ವಿಚಾರ.

ಮೊದಲಿಗೆ, "ಸರಣಿಗಳೇ ಇಂದಿನ ಕಾದಂಬರಿಗಳು" ಎಂಬ ಮಾತು. ಇದು ಅರ್ಧ ಸತ್ಯ ಎಂದು ನಮ್ಮ ಅನಿಸಿಕೆ. ಕತೆಯನ್ನು ಕಂತುಕಂತಾಗಿ ಸವಿಯುವುದು ಕನ್ನಡಿಗರಿಗೆ ಹೊಸದಲ್ಲ. 'ಸುಧಾ', 'ತರಂಗ'ಗಳಲ್ಲಿ ಧಾರಾವಾಹಿ ಕಾದಂಬರಿಗಳಿಗಾಗಿ ವಾರವಿಡೀ ಕಾದ ಮನೆಗಳಿಂದಲೇ ನಾವು ಬಂದವರು. ಆದರೆ ಆ ಕಾದಂಬರಿಗೆ ಒಂದು ಕೊನೆ ಇರುತ್ತಿತ್ತು, ಎರಡು ಕಂತುಗಳ ನಡುವೆ ಒಂದು ವಾರವೂ ಇರುತ್ತಿತ್ತು. ಆ ವಾರದಲ್ಲಿ ಓದುಗ ಯೋಚಿಸುತ್ತಿದ್ದ, ಪಕ್ಕದ ಮನೆಯವರೊಡನೆ ವಾದ ಮಾಡುತ್ತಿದ್ದ. ಈಗ ಒಂದು ಕಂತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಜೀರ್ಣವಾಗುವ ಮೊದಲೇ ಎಲೆಗೆ ಮತ್ತೆ ಅನ್ನ ಬೀಳುತ್ತದೆ. ಕತೆಯೂ ಜನ ನೋಡುವ ತನಕ ಎಳೆಯುತ್ತದೆ, ನೋಡುವವರು ಕಮ್ಮಿಯಾದರೆ ನಡುದಾರಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ನಮ್ಮ ಮೊದಲ ಅಳತೆ: ಇದಕ್ಕೊಂದು ಕೊನೆ ಇದೆಯೇ?

ಎರಡನೆಯ ಅಳತೆ ನಮ್ಮಂಥವರಿಗೆ ಇನ್ನೂ ಮುಖ್ಯವಾದದ್ದು: ಈ ಕತೆಯ ಜನ ತಮ್ಮ ಮನೆಯೊಳಗೆ ಯಾವ ಮಾತನ್ನು ಆಡುತ್ತಾರೆ? ಇದನ್ನು ಭಾಷಾಭಿಮಾನದ ಹಟವೆಂದು ತಿಳಿಯಬೇಡಿ. ಪಾತ್ರವೊಂದು ತಾಯಿಯನ್ನು ಹೇಗೆ ಕರೆಯುತ್ತದೆ, ಸಾಲಗಾರನೆದುರು ಹೇಗೆ ತೊದಲುತ್ತದೆ ಎನ್ನುವುದರಲ್ಲೇ ಅದರ ಅರ್ಧ ಬದುಕು ಇರುತ್ತದೆ.

ವಿಕ್ರಮ್ ಸೇಠ್ ಅವರ 'ಎ ಸೂಟಬಲ್ ಬಾಯ್' ಕಾದಂಬರಿಯನ್ನು ನೋಡಿ. 1993ರಲ್ಲಿ ಬಂದ, ಸಾವಿರದ ಮುನ್ನೂರಕ್ಕೂ ಮೀರಿದ ಪುಟಗಳ ಆ ಪುಸ್ತಕವನ್ನು ಬಿಬಿಸಿ 2020ರಲ್ಲಿ ಆರು ಕಂತುಗಳಿಗೆ ಇಳಿಸಿತು. ನಿರ್ದೇಶನ ಮೀರಾ ನಾಯರ್, ಚಿತ್ರಕತೆ ಆಂಡ್ರ್ಯೂ ಡೇವಿಸ್. ಬಟ್ಟೆ, ಬೀದಿ, ಹವೇಲಿ ಎಲ್ಲವೂ ಕಣ್ಣಿಗೆ ಹಬ್ಬ. ಸಯೀದಾ ಬಾಯಿಯಾಗಿ ಟಬು ಅವರ ಮೌನಕ್ಕೂ ಒಂದು ತೂಕವಿದೆ. ಆದರೆ ಬ್ರಹ್ಮಪುರದ ಅಮ್ಮಂದಿರು, ಮಕ್ಕಳು ಬಹುಪಾಲು ಇಂಗ್ಲಿಷಿನಲ್ಲೇ ಜಗಳವಾಡುತ್ತಾರೆ. ಮೂಲ ಪುಸ್ತಕವೂ ಇಂಗ್ಲಿಷಿನದೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಓದುವಾಗ ನಾವು ಆ ಮಾತುಗಳ ಹಿಂದಿರುವ ಹಿಂದಿ, ಉರ್ದುಗಳನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತೇವೆ. ಪುಟ ಅಷ್ಟು ಜಾಗ ಬಿಡುತ್ತದೆ. ಪರದೆ ಬಿಡುವುದಿಲ್ಲ, ಅಲ್ಲಿ ನಟರ ಬಾಯಿಂದ ಬಂದದ್ದೇ ಕೊನೆ. ಪುಸ್ತಕದಲ್ಲಿ ಮನೆಯೊಳಗಿದ್ದ ನಾವು ಪರದೆಯ ಮುಂದೆ ಪ್ರವಾಸಿಗಳಾಗಿಬಿಡುತ್ತೇವೆ.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು 'ಪಚಿಂಕೊ'. ಮಿನ್ ಜಿನ್ ಲೀ ಅವರ 2017ರ ಕಾದಂಬರಿಯನ್ನು ಆಧರಿಸಿ ಆಪಲ್ ಸಂಸ್ಥೆ 2022ರಲ್ಲಿ ಎಂಟು ಕಂತು, 2024ರಲ್ಲಿ ಮತ್ತೆ ಎಂಟು ಕಂತು ಹೊರತಂದಿತು. ಜಪಾನಿಗೆ ವಲಸೆ ಹೋದ ಕೊರಿಯಾದ ಕುಟುಂಬವೊಂದರ ತಲೆಮಾರುಗಳ ಕತೆ. ಅದರ ಅಡಿಬರಹಗಳನ್ನು ಗಮನಿಸಿ: ಕೊರಿಯನ್ ಮಾತಿಗೆ ಹಳದಿ ಬಣ್ಣ, ಜಪಾನಿ ಮಾತಿಗೆ ನೀಲಿ. ಎರಡೂ ಭಾಷೆ ಗೊತ್ತಿಲ್ಲದವನಿಗೂ ಯಾರು ಯಾವಾಗ ಯಾವ ಭಾಷೆಗೆ ಜಾರಿದರು ಎಂಬುದು ಕಣ್ಣಿಗೆ ಬೀಳುತ್ತದೆ. ಒಂದೇ ವಾಕ್ಯ ಹಳದಿಯಲ್ಲಿ ಹೊರಟು ನೀಲಿಯಲ್ಲಿ ಮುಗಿಯುತ್ತದೆ. "ಅಮ್ಮಾ, ಐ ಆಮ್ ಫುಲ್, ಸಾಕು" ಎನ್ನುವ ಮಕ್ಕಳನ್ನು ದಿನವೂ ಕೇಳುವ ನಮಗೆ ಆ ಬಣ್ಣಗಳ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಅದರಲ್ಲಿ ಅನ್ನದ ಪ್ರಸಂಗವೊಂದಿದೆ. ಟೋಕಿಯೋದಲ್ಲಿ ಜಾಗ ಮಾರಲೊಪ್ಪದ ಕೊರಿಯಾದ ಮುದುಕಿಯೊಬ್ಬಳ ಮನೆಯಲ್ಲಿ ಊಟಕ್ಕೆ ಕೂತ ಅಜ್ಜಿ ಸುಂಜಾ, ಒಂದು ತುತ್ತು ಬಾಯಿಗಿಟ್ಟೊಡನೆ ಇದು ತನ್ನ ನಾಡಿನ ಅಕ್ಕಿಯೆಂದು ಗುರುತು ಹಿಡಿಯುತ್ತಾಳೆ. ಪಕ್ಕದಲ್ಲಿರುವ ಮೊಮ್ಮಗನಿಗೆ ಅದು ಬರೀ ಅನ್ನ. ಸುಂಜಾ ಊರು ಬಿಡುವ ಮುನ್ನ ಅವಳ ತಾಯಿ ಬೇಡಿಕೊಂಡು ಒಂದಿಷ್ಟು ಬಿಳಿ ಅಕ್ಕಿ ತಂದು ಬಡಿಸುವುದನ್ನೂ ಸರಣಿ ತೋರಿಸುತ್ತದೆ. ಕಾದಂಬರಿ ಇಸವಿಯಿಂದ ಇಸವಿಗೆ ನೇರವಾಗಿ ನಡೆಯುತ್ತದೆ, ಮೊಮ್ಮಗನ ಕತೆ ಬರುವುದು ಕೊನೆಯಲ್ಲಿ. ಸರಣಿ ಎರಡು ಕಾಲಗಳನ್ನು ಹೆಣೆಯುತ್ತದೆ. ಇದರಿಂದ ಕಾಲ ನಿಧಾನವಾಗಿ ಮೈಮೇಲೆ ಕೂರುವ ಅನುಭವ ತಪ್ಪಿತು ಎಂಬ ಆಕ್ಷೇಪಣೆಯನ್ನು ನಾವೂ ಒಪ್ಪುತ್ತೇವೆ. ಆದರೆ ಅಜ್ಜಿ ತೆತ್ತ ಬೆಲೆಯನ್ನೂ ಮೊಮ್ಮಗನ ವ್ಯಾಪಾರವನ್ನೂ ಅಕ್ಕಪಕ್ಕ ಇಟ್ಟದ್ದು ಸಣ್ಣ ಸಾಧನೆಯಲ್ಲ. ನಮ್ಮ ಮೊದಲ ಅಳತೆಯಲ್ಲಿ ಮಾತ್ರ ಇದು ಸೋಲುತ್ತದೆ: ಹದಿನಾರು ಕಂತಾದರೂ ಕಾದಂಬರಿಯ ಕತೆ ಪೂರ್ತಿಯಾಗುವುದಿಲ್ಲ. ಉಳಿದದ್ದಕ್ಕೆ ಪುಸ್ತಕವೇ ಗತಿ, ಅದೊಂದು ಒಳ್ಳೆಯ ಗತಿಯೇ.

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಜ್ ತಮ್ಮ 'ನೂರು ವರ್ಷಗಳ ಏಕಾಂತ'ವನ್ನು ಬದುಕಿರುವವರೆಗೂ ಸಿನಿಮಾದವರ ಕೈಗೆ ಕೊಡಲಿಲ್ಲ. ಅವರು ತೀರಿಕೊಂಡದ್ದು 2014ರಲ್ಲಿ. ಮಕ್ಕಳು ಒಪ್ಪಿದ ಮೇಲೆ ಅದು ಕೊಲಂಬಿಯಾದಲ್ಲೇ, ಸ್ಪ್ಯಾನಿಷಿನಲ್ಲೇ ತಯಾರಾಯಿತು. ಮೊದಲ ಎಂಟು ಕಂತು ನೆಟ್‌ಫ್ಲಿಕ್ಸಿನಲ್ಲಿ ಬಂದದ್ದು 2024ರ ಡಿಸೆಂಬರಿನಲ್ಲಿ. ಎಲೆನಾ ಫೆರಾಂಟೆಯ ಕಾದಂಬರಿಗಳ ಸರಣಿಯಲ್ಲಿ ನೇಪಲ್ಸಿನ ಆಡುಮಾತು ಎಷ್ಟು ಗಟ್ಟಿಯೆಂದರೆ ಇಟಲಿಯವರಿಗೂ ಅಡಿಬರಹ ಬೇಕಾಯಿತು. ಅಂದರೆ ಸ್ಥಳದ ಮಾತನ್ನು ಉಳಿಸಿದರೆ ಜಗತ್ತು ನೋಡುವುದಿಲ್ಲ ಎಂಬ ವಾದ ಈಗ ನಿಲ್ಲುವುದಿಲ್ಲ.

ಇಲ್ಲಿ ಯಾರಾದರೂ ಕೈಯೆತ್ತಿ "ಹಾಗಾದರೆ 'ಮಾಲ್ಗುಡಿ ಡೇಸ್' ಏನು ಮಾಡ್ತೀರಿ, ಸ್ವಾಮಿ?" ಎಂದು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಆರ್.ಕೆ. ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಶಂಕರ್ ನಾಗ್ 1980ರ ದಶಕದಲ್ಲಿ ಆಗುಂಬೆಗೆ ಹೋಗಿ ಚಿತ್ರಿಸಿದರು. ದೂರದರ್ಶನದಲ್ಲಿ ದೇಶ ಕೇಳಿದ್ದು ಹಿಂದಿ. ಆದರೂ ಅದು ನಮ್ಮದೇ ಎಂದು ಅನಿಸುತ್ತದಲ್ಲ? ಕಾರಣ, ಮಾತು ಹಿಂದಿಯದಾದರೂ ಮೈ ಹಿಂದಿಯದಲ್ಲ. ಮಾಸ್ಟರ್ ಮಂಜುನಾಥ್ ಓಡುವ ರೀತಿ, ಅಪ್ಪನಾಗಿ ಗಿರೀಶ ಕಾರ್ನಾಡರು ಕುರ್ಚಿಯಲ್ಲಿ ಕೂರುವ ಗತ್ತು, ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಅವರ ಓಡಾಟ, ಮಳೆ ನೆನೆದ ಆ ಜಗಲಿ, ಎಲ್ಲವೂ ಕನ್ನಡದಲ್ಲೇ ಇವೆ. ಎಲ್ಲೆಲ್ಲೋ ಭಾಷೆ ಕೈಬಿಟ್ಟಾಗ ನಟರು, ನೆಲ ಅದನ್ನು ಕಾಪಾಡಬಲ್ಲವು. ಆದರೆ ಅದು ಶಂಕರ್ ನಾಗ್ ಅಂಥವರ ಕೈಗುಣ, ಎಲ್ಲರೂ ಅದನ್ನೇ ಸೂತ್ರ ಮಾಡಿಕೊಂಡರೆ ಕೆಡುತ್ತದೆ.

ಈಗ ನಮ್ಮ ಭಾಷೆಯ ಸರಣಿಗಳ ಮಾತು. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ 'ಮಾಯಾಮೃಗ' 1998ರಲ್ಲಿ ದೂರದರ್ಶನದ ಚಂದನದಲ್ಲಿ ಬಂದಾಗ, ಮಧ್ಯಮ ವರ್ಗದ ಮನೆಯ ಮಾತು ಕಿರುತೆರೆಯಲ್ಲಿ ಮೆಲುದನಿಯಲ್ಲೂ ನಡೆಯಬಹುದೆಂದು ತೋರಿಸಿಕೊಟ್ಟಿತು. ಅಂಥ ನೆಲವಿದ್ದರೂ ಅಂತರ್ಜಾಲದ ಕಾಲದಲ್ಲಿ ನಾವು ಹಿಂದೆ ಬಿದ್ದೆವು. 'ಏಕಂ' ಅದಕ್ಕೆ ಸಾಕ್ಷಿ. ಕರಾವಳಿಯ ಏಳು ಬಿಡಿ ಕತೆಗಳು. ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥ ನಟರು. ಹಿಂದೆ ರಕ್ಷಿತ್ ಶೆಟ್ಟಿ ಅವರ ಬೆಂಬಲ. ಇಷ್ಟಿದ್ದೂ ಯಾವ ದೊಡ್ಡ ವೇದಿಕೆಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈಯಲ್ಲಿ ತಯಾರಕರೇ ತಮ್ಮ ಸ್ವಂತ ತಾಣದಲ್ಲಿ 149 ರೂಪಾಯಿಗೆ ಬಿಡುಗಡೆ ಮಾಡಿದರು. ಇಲ್ಲಿ ಅಮೆರಿಕದ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಅದರ ಹಲವು ಪಟ್ಟು ಕೊಡುತ್ತೇವೆ. ಏಳೂ ಕತೆಗಳು ಒಂದೇ ತೂಕದವಲ್ಲ, ಕಥಾಸಂಕಲನಗಳೂ ಹಾಗೇ ಅಲ್ಲವೇ? ಆದರೆ ಅಲ್ಲಿಯ ಜನ ಬೆಂಗಳೂರಿನ ಕನ್ನಡಕ್ಕೆ ತಮ್ಮ ಮಾತನ್ನು ಇಸ್ತ್ರಿ ಮಾಡಿಕೊಂಡು ಬರುವುದಿಲ್ಲ, ಅದೇ ಅದರ ಬೆಲೆ. 2025ರಲ್ಲಿ ಜೀ5 'ಅಯ್ಯನ ಮನೆ'ಯಂಥ ಸಣ್ಣ ಕನ್ನಡ ಸರಣಿಗಳನ್ನು ತಂದಿತು. ಮನೆ, ಶಾಪ, ನಿಗೂಢ ಸಾವು ಎಂಬ ಹಳೆಯ ದಾರಿಯೇ ಅದರದೂ, ಆದರೆ ಆರೇ ಕಂತಿಗೆ ಮುಗಿಸುವ ಮರ್ಯಾದೆ ಇದೆ.

ಇನ್ನೊಂದು ಸಂಗತಿ. ಡ್ಯಾನಿಶ್ ಸೇಠ್ ಅವರ 'ಹಂಬಲ್ ಪೊಲಿಟಿಶಿಯನ್ ನೊಗ್ರಾಜ್' ಸರಣಿ 2022ರಲ್ಲಿ ವೂಟ್‌ನಲ್ಲಿ ಬಂತು. ಮರುವರ್ಷ ವೂಟ್ ಜಿಯೋಸಿನಿಮಾದಲ್ಲಿ ಕರಗಿತು, 2025ರಲ್ಲಿ ಅದೂ ಹಾಟ್‌ಸ್ಟಾರ್ ಜೊತೆ ಸೇರಿ ಬೇರೆ ಹೆಸರು ಪಡೆಯಿತು. ಹಾಟ್‌ಸ್ಟಾರಂತೂ ಅಮೆರಿಕದಲ್ಲಿ ತನ್ನ ಪ್ರತ್ಯೇಕ ಸೇವೆಯನ್ನು 2022ರ ಕೊನೆಯಲ್ಲೇ ಮುಚ್ಚಿತ್ತು. ಕಪಾಟಿನ ಪುಸ್ತಕವನ್ನು ಪ್ರಕಾಶಕರು ಬಂದು ಒಯ್ಯುವುದಿಲ್ಲ, ಪರದೆಯ ಕತೆ ಹಾಗಲ್ಲ. ಇದ್ದಾಗ ನೋಡಬೇಕು, ದುಡ್ಡು ಕೊಟ್ಟು ನೋಡಬೇಕು. "ಯಾರೋ ಲಿಂಕ್ ಕಳಿಸಿದರು" ಎಂದು ಕದ್ದದ್ದನ್ನು ನೋಡಿ, ಆಮೇಲೆ ಕನ್ನಡದಲ್ಲಿ ಒಳ್ಳೆಯ ಸರಣಿಗಳೇ ಬರುವುದಿಲ್ಲ ಎಂದು ಕೊರಗುವುದು ಬೇರಿಗೆ ಬಿಸಿನೀರೆರೆದು ಹಣ್ಣಿಗೆ ಕಾದಂತೆ. ಕೊಳ್ಳುವವರಿದ್ದಾರೆಂದು ಲೆಕ್ಕದಲ್ಲಿ ಕಾಣದೆ ಯಾವ ವೇದಿಕೆಯೂ ಕನ್ನಡಕ್ಕೆ ಕೈ ಹಾಕದು.

ಹಾಗಾದರೆ ಈ ಚಳಿಗಾಲಕ್ಕೆ? ನಮ್ಮ ಸಲಹೆ ಇಷ್ಟೇ. ಊರಿನಿಂದ ಬಂದ ಅಪ್ಪ ಅಮ್ಮ, ಇಲ್ಲೇ ಹುಟ್ಟಿದ ಮಕ್ಕಳು ಒಟ್ಟಿಗೆ ಕೂರುವ ಸಂಜೆಗಳಿಗೆ 'ಮಾಲ್ಗುಡಿ ಡೇಸ್', ಒಂದು ಸಂಜೆಗೆ ಒಂದೇ ಕತೆ. ವಾರಕ್ಕೊಮ್ಮೆ 'ಏಕಂ'ನ ಒಂದು ಕತೆ, ಅರ್ಥವಾಗದ ಮಾತನ್ನು ನಡುವೆ ನಿಲ್ಲಿಸಿ ಕರಾವಳಿಯ ಸ್ನೇಹಿತರಿಗೆ ಫೋನಾಯಿಸಿ ಕೇಳಿ. ದೊಡ್ಡವರು ಮಾತ್ರ ಕೂರುವ ರಾತ್ರಿಗಳಿಗೆ 'ಪಚಿಂಕೊ', ಆದರೆ ಪುಸ್ತಕ ಪಕ್ಕದಲ್ಲಿರಲಿ. ತಾನಾಗಿ ಮುಂದಿನ ಕಂತಿಗೆ ಹಾರುವ ಸೌಲಭ್ಯವನ್ನು ಮೊದಲು ಆರಿಸಿಬಿಡಿ, ಆ ಬಿಡುವಿನಲ್ಲೇ ಮಾತು ಹುಟ್ಟುವುದು. ನೀವು ಯಾವುದನ್ನು ಸೇರಿಸುತ್ತೀರಿ, ಯಾವುದನ್ನು ತೆಗೆದುಹಾಕುತ್ತೀರಿ? ನಾಲ್ಕು ಸಾಲು ಬರೆದು ಕಳಿಸಿ. ಒಪ್ಪದವರ ಪತ್ರಗಳನ್ನೇ ಮೊದಲು ಓದುತ್ತೇವೆ.