ಐದು ರತ್ನ, ಐದು ವರ್ಷ: ತ್ಯಾಗರಾಜರ ಆರಾಧನೆಗೆ ಹೊಸದಾಗಿ ಹೋಗುವವರಿಗೆ

ತ್ಯಾಗರಾಜರು ತಿರುವಯ್ಯಾರಿನಲ್ಲಿ ದೇಹ ಬಿಟ್ಟದ್ದು 1847ರ ಜನವರಿ 6ರಂದು, ಪುಷ್ಯ ಬಹುಳ ಪಂಚಮಿಯ ದಿನ. ಇಂದಿಗೂ ಆ ತಿಥಿಯಂದೇ ಆರಾಧನೆ. ಕಾವೇರಿ ದಂಡೆಯ ಸಮಾಧಿಯ ಎದುರು ವಿದ್ವಾಂಸರೆಲ್ಲ ಒಟ್ಟಿಗೆ ಕುಳಿತು ಘನರಾಗ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಬೆಂಗಳೂರು, ಮೈಸೂರಿನ ಸಭೆಗಳಲ್ಲೂ ಅವೇ ಐದು ಕೃತಿ, ಅದೇ ಕ್ರಮ. ಕಚೇರಿಯಲ್ಲಿ ಮುಂದೇನು ಬರುವುದೋ ತಿಳಿಯದೆ ತಬ್ಬಿಬ್ಬಾಗುವ ಹೊಸ ಕೇಳುಗರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಸಮಾಧಿಗೆ ಗುಡಿ ಕಟ್ಟಿಸಿದವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಾವು ಹಾಡಿ ಗಳಿಸಿದ್ದನ್ನೆಲ್ಲ ಅದಕ್ಕೇ ಸುರಿದರು. ಹೆಂಗಸರು ಅಲ್ಲಿ ಹಾಡಬಾರದೆಂಬ ಕಟ್ಟಳೆಯ ವಿರುದ್ಧ ಹೋರಾಡಿ ಗೆದ್ದರು. ಇಂದು ಗೋಷ್ಠಿಯಲ್ಲಿ ಕೇಳಿಬರುವ ಹೆಣ್ಣುದನಿಗಳ ಹಿಂದೆ ಅವರ ಛಲವಿದೆ.

ಮೊದಲು ತಾಳ ಹಿಡಿಯಿರಿ. ಐದೂ ಆದಿತಾಳದವು: ಒಂದು ಘಾತ, ಮೂರು ಬೆರಳೆಣಿಕೆ, ಆಮೇಲೆ ಘಾತ–ಬೀಸು ಎರಡು ಸಲ; ಒಟ್ಟು ಎಂಟು ಅಕ್ಷರ. ಪಲ್ಲವಿ, ಅನುಪಲ್ಲವಿ ಮುಗಿದ ಮೇಲೆ ಪ್ರತಿ ಚರಣವನ್ನೂ ಮೊದಲು ಸ್ವರವಾಗಿ, ಮತ್ತೆ ಅದೇ ಧಾಟಿಯಲ್ಲಿ ಸಾಹಿತ್ಯವಾಗಿ ಹಾಡುತ್ತಾರೆ. ಸ್ವರವನ್ನು ಗಮನವಿಟ್ಟು ಕೇಳಿದರೆ ಸಾಹಿತ್ಯ ಬರುವಾಗ ದಾರಿ ಪರಿಚಯವಾಗಿರುತ್ತದೆ.

ಇನ್ನು ರಾಗಗಳು. ನಾಟದ ‘ಜಗದಾನಂದಕಾರಕ’ ಸಂಸ್ಕೃತದಲ್ಲಿದೆ, ಉಳಿದವು ತೆಲುಗಿನಲ್ಲಿ. ಇದರಲ್ಲಿ ರಾಮನ ವಿಶೇಷಣಗಳು ಸಾಲುಗಟ್ಟಿ ಬರುವ ಗಾಂಭೀರ್ಯ ಕೇಳಿ. ಎರಡನೆಯದು ಗೌಳ. ತನ್ನ ತಪ್ಪುಗಳನ್ನೆಲ್ಲ ಎಣಿಸಿ, ಇಂಥವನನ್ನು ಕಾಯುವವರು ಯಾರು ಎಂದು ಕೇಳುವ ಕೃತಿಗೆ ಷಡ್ಜಕ್ಕೆ ತೀರ ಹತ್ತಿರ ಇಳಿದ ರಿಷಭ. ಆ ಒಂದು ಸ್ವರದಲ್ಲೇ ದೈನ್ಯವೆಲ್ಲ ಇದೆ. ಆರಭಿಯಲ್ಲಿ ಗಮಕ ಕಡಿಮೆ, ನಡೆ ಚುರುಕು. ಹೇಳುವುದು ಹಟಮಾರಿ ಕೃಷ್ಣನ ಕಥೆ. ವರಾಳಿ ಐದರಲ್ಲಿ ಒಂದೇ ಪ್ರತಿಮಧ್ಯಮ ರಾಗ. ಪಂಚಮದ ಅಂಚಿಗೆ ತಾಗುವಂತೆ ಏರುವ ಮಧ್ಯಮವನ್ನು ಹುಡುಕಿ. ನೇರವಾಗಿ ಕಲಿಸಿದರೆ ಗುರು–ಶಿಷ್ಯರಿಗೆ ವಿರಸ ಬರುತ್ತದೆಂಬ ನಂಬಿಕೆ ಈ ರಾಗಕ್ಕೆ ಅಂಟಿಕೊಂಡಿದೆ. ಕೊನೆಗೆ ಶ್ರೀರಾಗದ ‘ಎಂದರೋ ಮಹಾನುಭಾವುಲು’: ಹಿಂದಿನ ಮಹನೀಯರೆಲ್ಲರಿಗೂ ವಂದನೆ.

ಐದನ್ನೂ ಒಂದೇ ದಿನ ಅರಗಿಸಿಕೊಳ್ಳುವ ಆತುರ ಬೇಡ. ವರ್ಷಕ್ಕೊಂದನ್ನು ಆರಿಸಿಕೊಳ್ಳಿ. ಆರಾಧನೆಗೆ ತಿಂಗಳ ಮುಂಚೆ ಅದನ್ನು ಇಬ್ಬರು ಮೂವರು ಗಾಯಕರ ಧ್ವನಿಮುದ್ರಣದಲ್ಲಿ ಕೇಳಿ, ಅರ್ಥ ಓದಿ, ಪಲ್ಲವಿಯನ್ನಾದರೂ ಗುನುಗಲು ಕಲಿಯಿರಿ. ಉಳಿದ ನಾಲ್ಕನ್ನು ಆ ವರ್ಷ ಸುಮ್ಮನೆ ಕಿವಿಗೆ ಬೀಳಲು ಬಿಡಿ. ಹಾಡು ವರ್ಷವರ್ಷವೂ ಅದೇ. ಬೆಳೆಯುವುದು ಕೇಳುವ ಕಿವಿ. ಒಂದೇ ತಿಥಿಗೆ ಮರಳಿ ಮರಳಿ ಬರುವುದರ ಫಲ ಇದು.

ಅದೇ ಪಕ್ಷದ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ. ಸರಳೆ ವರಸೆಗೆ ಅವರು ಆರಿಸಿದರೆಂದು ಪರಂಪರೆ ಹೇಳುವ ಮಾಯಾಮಾಳವಗೌಳವೇ ಗೌಳಕ್ಕೆ ತಾಯಿರಾಗ. ತ್ಯಾಗರಾಜರೂ ತಮ್ಮ ‘ಪ್ರಹ್ಲಾದ ಭಕ್ತಿವಿಜಯ’ದಲ್ಲಿ ದಾಸರನ್ನು ಸ್ಮರಿಸಿದ್ದಾರೆ. ಪಂಚಮಿಗೆ ಹೋದವರು ಅಮಾವಾಸ್ಯೆಗೂ ಹೋಗಿ. ಅಲ್ಲಿ ಸಾಹಿತ್ಯ ನಮ್ಮದೇ ಕನ್ನಡ, ಜೊತೆಗೂಡಿ ಹಾಡಲು ಅಳುಕಬೇಕಿಲ್ಲ.